ಮನೆಯಲ್ಲೇ ಸಿಎನ್‌ಸಿ ರೂಟರ್: ಪೆಟ್ಟಿಗೆ ಬಿಚ್ಚುವುದರಿಂದ ಮೊದಲ ಕನ್ನಡ ಬೋರ್ಡಿನವರೆಗೆ

ಕಾಸರಗೋಡಿನ ಕಡೆ ಮನೆಗೆ ಮರದ ಹೆಸರುಹಲಗೆ ಮಾಡಿಸಲು ಹೊರಟರೆ ಒಂದು ತೊಂದರೆ ಎದುರಾಗುತ್ತದೆ. ಇಂಗ್ಲಿಷ್ ಅಕ್ಷರ ಚೊಕ್ಕವಾಗಿ ಬರುತ್ತದೆ. ಕನ್ನಡದ ಸರದಿ ಬಂದಾಗ ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕಕ್ಕೆ ಬರುತ್ತದೆ, ‘ಶ್ರೀ’ ಒಡೆದು ಎರಡು ಅಕ್ಷರವಾಗುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ, ಎಲ್ಲಿ ಹೋದರೂ ಇಂಥ ಹಲಗೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಕೊರೆದವರಿಗೆ ಕೈಚಳಕ ಇಲ್ಲವೆಂದಲ್ಲ. ಅವರು ಬಳಸುವ ಹಳೆಯ ಸಾಫ್ಟ್‌ವೇರಿಗೆ ಕನ್ನಡ ಜೋಡಿಸಲು ಬರುವುದಿಲ್ಲ.

ನಮ್ಮ ಮನೆಯ ಹೆಸರು ನಮ್ಮ ಲಿಪಿಯಲ್ಲಿ ಸರಿಯಾಗಿ ಇರಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ, ಅಲ್ವಾ? ಮೇಜಿನ ಮೇಲೆ ಕೂರುವ ಒಂದು ಸಣ್ಣ ಸಿಎನ್‌ಸಿ ರೂಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮೆಷಿನ್, ಇದ್ದರೆ ಅದನ್ನು ನಾವೇ ಮಾಡಿಕೊಳ್ಳಬಹುದು. ಮೆಷಿನ್ ಜೋಡಿಸುವುದರಿಂದ ಹಿಡಿದು ಮೊದಲ ಹಲಗೆ ಕೊರೆಯುವವರೆಗೆ ಏನೇನು ಮಾಡಬೇಕು ಎಂದು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳುತ್ತೇನೆ. ಇಂಥ ಮೆಷಿನ್ನಿನ ನಿಖರತೆ ಅರ್ಧಕ್ಕಿಂತ ಜಾಸ್ತಿ ಜೋಡಣೆಯಲ್ಲೇ ಇದೆ. ಅಲ್ಲಿ ಅವಸರ ಮಾಡಿದರೆ ಆಮೇಲೆ ಸಾಫ್ಟ್‌ವೇರಿನಲ್ಲಿ ಏನು ತಿದ್ದಿದರೂ ಪ್ರಯೋಜನವಿಲ್ಲ.

ಯಾವ ಮೆಷಿನ್

ಮೊದಲ ಮೆಷಿನ್ನಾಗಿ ‘3018’ ಎಂಬ ಮಾದರಿ ಸಾಕು. ಹೆಸರಿನಲ್ಲೇ ಅಳತೆ ಇದೆ: 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಜಾಗದಲ್ಲಿ ಅದು ಕೊರೆಯುತ್ತದೆ. ಮೇಲೆ ಕೆಳಗೆ ಸುಮಾರು 45 ಮಿಲಿಮೀಟರ್ ಚಲಿಸುತ್ತದೆ. ಹಲವು ಕಂಪನಿಗಳು ಇದೇ ವಿನ್ಯಾಸವನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಬಿಡಿ ಭಾಗಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಜೋಡಿಸಿಕೊಳ್ಳುವುದು ನಮ್ಮ ಕೆಲಸ.

ಕೊಳ್ಳುವಾಗ ಎರಡು ವಿಷಯ ನೋಡಿ. ಮೋಟಾರು ಮತ್ತು ಸರಳುಗಳನ್ನು ಹಿಡಿಯುವ ತುಂಡುಗಳು ಪ್ಲಾಸ್ಟಿಕ್ಕಿನವೋ ಅಲ್ಯೂಮಿನಿಯಂನವೋ ಎಂಬುದು ಒಂದು. ಸ್ವಲ್ಪ ಹಣ ಹೆಚ್ಚಾದರೂ ಅಲ್ಯೂಮಿನಿಯಂನದ್ದೇ ತಗೊಳ್ಳಿ, ಮರ ಕೊರೆಯುವಾಗ ಬಾಗುವುದು ಕಡಿಮೆ. ಎರಡನೆಯದು ಲಿಮಿಟ್ ಸ್ವಿಚ್ಚು (ಭಾಗಗಳು ಓಟದ ತುದಿ ಮುಟ್ಟಿದ್ದನ್ನು ತಿಳಿಸುವುದು) ಮತ್ತು ಎಮರ್ಜೆನ್ಸಿ ಸ್ಟಾಪ್ ಬಟನ್. ಇವು ಕಿಟ್ಟಿನಲ್ಲೇ ಇದ್ದರೆ ಒಳ್ಳೆಯದು. ಕೆಲವು ಕಿಟ್ಟುಗಳ ಜತೆ ಲೇಸರ್ ಕೂಡ ಬರುತ್ತದೆ. ಅದನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ. ಅದರ ನೀಲಿ ಬೆಳಕು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅದನ್ನು ಕಲಿಯುವುದೇ ಬೇರೆ ಪಾಠ.

ಕಿಟ್ಟಿನ ಹೊರತಾಗಿ ಬೇಕಾದವು ಇವು: ವರ್ನಿಯರ್ ಕ್ಯಾಲಿಪರ್, ಆಚಾರಿಗಳು ಬಳಸುವ ಮೂಲೆಮಟ್ಟ, ಒಂದು ಸಾದಾ ಮಲ್ಟಿಮೀಟರ್, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಬಣ್ಣದ ಥ್ರೆಡ್‌ಲಾಕ್ ಅಂಟು, ಮೆಷಿನ್ ಎಣ್ಣೆ, ಕಣ್ಣಿಗೆ ಕನ್ನಡಕ, ಎನ್95 ಮಾಸ್ಕ್. ಊರಿನಲ್ಲಿ ಸಿಗದ್ದು ಮಂಗಳೂರಿನಲ್ಲಿ ಸಿಗುತ್ತದೆ. ಒಳ್ಳೆಯ ಬಿಟ್ಟುಗಳನ್ನು (ತಿರುಗುತ್ತ ಮರ ಕೊರೆಯುವ ಅಲಗುಗಳನ್ನು) ಮಾತ್ರ ಆನ್‌ಲೈನಿನಲ್ಲೇ ತರಿಸಬೇಕಾಗಬಹುದು.

ಜಾಗ ಮತ್ತು ಕರೆಂಟು

ಮೆಷಿನ್ ಸಣ್ಣದು, ಗಲಾಟೆ ಸಣ್ಣದಲ್ಲ. ಜತೆಗೆ ನುಣ್ಣನೆಯ ಪುಡಿ ಹಾರುತ್ತದೆ. ಮಲಗುವ ಕೋಣೆ, ಅಡುಗೆಮನೆಯ ಪಕ್ಕ ಬೇಡ. ಹಿಂದಿನ ಜಗಲಿಯೋ ಅಡಿಕೆ ಮೂಟೆ ಇಡುವ ಕೋಣೆಯೋ ಇದ್ದರೆ ಅದೇ ಸರಿ, ಎರಚಲು ಮಳೆ ತಾಗಬಾರದು ಅಷ್ಟೆ. ಕೆಳಗಿನ ಮೇಜು ಭಾರವಾಗಿರಲಿ. ಹಗುರ ಪ್ಲಾಸ್ಟಿಕ್ ಮೇಜಿನ ಮೇಲೆ ಇಟ್ಟರೆ ಮೇಜೂ ಮೆಷಿನ್ನೂ ಒಟ್ಟಿಗೆ ನಡುಗುತ್ತವೆ, ಆ ನಡುಕ ಅಕ್ಷರದ ಅಂಚಿನಲ್ಲಿ ಅಲೆಯಾಗಿ ಕಾಣುತ್ತದೆ. ಅಡಿಗೆ ಒಂದು ದಪ್ಪ ರಬ್ಬರ್ ಹಾಳೆ ಹಾಸಿ.

ಪ್ಲಗ್ಗು ಅರ್ತಿಂಗ್ ಇರುವ ತ್ರೀ ಪಿನ್ ಸಾಕೆಟ್ಟಿಗೇ ಹೋಗಬೇಕು. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇದ್ದರೂ ಅರ್ತ್ ವೈರು ಇರುವುದಿಲ್ಲ. ವೈರಿಂಗ್ ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಕರೆಂಟು ಹೋಗುವ ವಿಚಾರ. ಗಾಳಿಮಳೆಯಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿತ್ತೆಂದರೆ ಕೊರೆಯುತ್ತಿರುವ ಕೆಲಸ ನಡುವೆಯೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ, ಆದರೆ ಮೆಷಿನ್ ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತಿರುತ್ತದೆ. ಈ ಮೆಷಿನ್ನಿನ ಅಡಾಪ್ಟರ್ ಸಾಮಾನ್ಯವಾಗಿ 24 ವೋಲ್ಟ್, 5 ಆಂಪಿಯರ್ ಆಸುಪಾಸಿನದು. ಅಂದರೆ 120 ವಾಟ್ ಅಷ್ಟೆ. ಮನೆಯ ಇನ್ವರ್ಟರ್ ಇದನ್ನು ಆರಾಮವಾಗಿ ಹೊರುತ್ತದೆ. ಸೈನ್ ವೇವ್ ಇನ್ವರ್ಟರ್ ಆಗಿದ್ದು, ಅದರಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನೇ ಆರಿಸಿ. ಕರೆಂಟು ಬದಲಾಗುವಾಗಿನ ಅಂತರ ಅದರಲ್ಲಿ ಕಡಿಮೆ. ಜೋರು ಗುಡುಗು ಇರುವಾಗ ಮಾತ್ರ ಕೆಲಸವೇ ಬೇಡ, ಪ್ಲಗ್ಗು ಕಿತ್ತಿಡಿ.

ಚೌಕಟ್ಟು: ಇಲ್ಲಿ ನಿಧಾನ ಮಾಡಿ

ಪೆಟ್ಟಿಗೆ ಬಿಚ್ಚಿದ ಕೂಡಲೇ ಭಾಗಗಳನ್ನು ಒಂದು ಬಿಳಿ ಬಟ್ಟೆಯ ಮೇಲೆ ಹರವಿ, ಪಟ್ಟಿ ಹಿಡಿದು ಎಣಿಸಿ. ಸ್ಕ್ರೂಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಬಟ್ಟಲಿಗೆ ಹಾಕಿ. ಉದ್ದ ಜಾಸ್ತಿ ಇರುವ ಸ್ಕ್ರೂವನ್ನು ಮೋಟಾರಿನ ತೂತಿಗೆ ಹಾಕಿ ಬಿಗಿದರೆ ಒಳಗಿನ ಸುರುಳಿಗೆ ಪೆಟ್ಟಾಗಬಹುದು. ಅದಕ್ಕೇ ಈ ಎಚ್ಚರ.

ಅಲ್ಯೂಮಿನಿಯಂ ಪ್ರೊಫೈಲುಗಳಿಂದ ಮೊದಲು ಅಡಿಯ ಚೌಕ ಕಟ್ಟಬೇಕು. ಎಲ್ಲ ಸ್ಕ್ರೂಗಳನ್ನೂ ಬೆರಳಿನಲ್ಲಿ ತಿರುಗುವಷ್ಟು ಮಾತ್ರ ಹಾಕಿ. ಬಿಗಿಯಬೇಡಿ. ಚೌಕವನ್ನು ಸಮತಟ್ಟಾದ ಜಾಗದಲ್ಲಿ ಇಡಿ. ಗ್ರಾನೈಟಿನ ಅಡುಗೆ ಕಟ್ಟೆ ಇದಕ್ಕೆ ತುಂಬ ಒಳ್ಳೆಯದು. ನಾಲ್ಕು ಮೂಲೆಯೂ ಕಲ್ಲಿಗೆ ತಾಗಬೇಕು. ಒಂದು ಮೂಲೆ ಒತ್ತಿದಾಗ ಇನ್ನೊಂದು ಎದ್ದರೆ ಚೌಕಟ್ಟು ತಿರುಚಿಕೊಂಡಿದೆ ಎಂದರ್ಥ.

ಈಗ ಮೂಲೆಯಿಂದ ಮೂಲೆಗೆ, ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಒಂದೇ ಇದ್ದರೆ ಚೌಕ ಸರಿಯಾಗಿದೆ. ಅರ್ಧ ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಉದ್ದನೆಯ ಕರ್ಣದ ಕಡೆ ಮೆಲ್ಲನೆ ಒತ್ತಿ ಸರಿಮಾಡಿ. ಆಮೇಲೆ ಒಂದು ಮೂಲೆ, ಅದರ ಎದುರಿನ ಮೂಲೆ, ಹೀಗೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಪ್ರತಿ ಸುತ್ತು ಬಿಗಿದ ಮೇಲೂ ಕರ್ಣ ಅಳೆಯಿರಿ, ಬಿಗಿಯುವಾಗಲೇ ಚೌಕ ಸರಿಯುತ್ತದೆ. ಈ ಕೆಲಸ ಬೇಸರ ತರಿಸುತ್ತದೆ, ನಿಜ. ಆದರೆ ಇದನ್ನು ಬಿಟ್ಟರೆ ನೀವು ಕೊರೆದ ಆಯತದ ಮೂಲೆಗಳು ಎಂದಿಗೂ 90 ಡಿಗ್ರಿ ಬರುವುದಿಲ್ಲ.

ಮೇಲಿನ ಸೇತುವೆ, ಅಂದರೆ ಮೋಟಾರು ಎಡ ಬಲ ಓಡಾಡುವ ಭಾಗ, ಅಡಿಯ ಚೌಕಕ್ಕೆ ನೆಟ್ಟಗೆ ನಿಲ್ಲಬೇಕು. ಎರಡೂ ಕಂಬಗಳಿಗೆ ಮೂಲೆಮಟ್ಟ ಹಿಡಿದು ನೋಡಿ. ಎಡಗಂಬ ಹಿಂದಿನಿಂದ ಎಷ್ಟು ದೂರ ಇದೆಯೋ ಬಲಗಂಬವೂ ಅಷ್ಟೇ ದೂರ ಇರಬೇಕು. ಟೇಪಿನಲ್ಲಿ ಅಳೆಯದೆ ಕ್ಯಾಲಿಪರಿನಲ್ಲಿ ಅಳೆಯಿರಿ.

ಸರಳು, ಸ್ಕ್ರೂ, ಕಪ್ಲಿಂಗ್

ಭಾಗಗಳು ಜಾರುವುದು 10 ಮಿಲಿಮೀಟರಿನ ಉಕ್ಕಿನ ಸರಳುಗಳ ಮೇಲೆ. ಅವನ್ನು ಬೇರಿಂಗಿನೊಳಗೆ ತೂರಿಸುವಾಗ ನೇರವಾಗಿ, ಮೆಲ್ಲನೆ ತೂರಿಸಿ. ಓರೆಯಾಗಿ ತಳ್ಳಿದರೆ ಒಳಗಿನ ಸಣ್ಣ ಗುಂಡುಗಳು ಹೊರಗೆ ಬೀಳುತ್ತವೆ.

ಎಲ್ಲ ಕಡೆ ಸರಳು ಹಾಕಿದ ಮೇಲೆ ಮೋಟಾರು ಜೋಡಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಮೆಷಿನ್ನಿನ ಮೇಜನ್ನು, ಅಂದರೆ ಕೊರೆಯುವ ಹಲಗೆ ಕೂರಿಸುವ ಭಾಗವನ್ನು, ಕೈಯಿಂದ ಹಿಂದೆ ಮುಂದೆ ತಳ್ಳಿ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಹದದಲ್ಲಿ ಜಾರಬೇಕು. ನಡುವೆ ಸಲೀಸಾಗಿ ಹೋಗಿ ತುದಿಯಲ್ಲಿ ಬಿಗಿಯಾದರೆ ಎರಡು ಸರಳುಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲ. ಆ ತುದಿಯ ಹಿಡಿಕೆಗಳ ಸ್ಕ್ರೂ ಸಡಿಲಿಸಿ, ಮೇಜನ್ನು ಅಲ್ಲಿಗೇ ತಂದು ನಿಲ್ಲಿಸಿ, ಮತ್ತೆ ಬಿಗಿಯಿರಿ. ಸರಳುಗಳು ತಾವೇ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ.

ಚಲನೆ ಕೊಡುವುದು ಟಿ8 ಎಂಬ 8 ಮಿಲಿಮೀಟರಿನ ಲೀಡ್ ಸ್ಕ್ರೂ. ಈ ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಅದು ಒಂದು ಸುತ್ತು ತಿರುಗಿದರೆ 4 ಮಿಲಿಮೀಟರ್ ಮುಂದೆ ಹೋಗುತ್ತದೆ. ಮೋಟಾರಿನ ದಂಡ 5 ಮಿಲಿಮೀಟರಿನದು. ಎರಡನ್ನೂ ಸೇರಿಸುವುದು ಕಪ್ಲಿಂಗ್. ಎರಡೂ ದಂಡಗಳ ತುದಿ ಕಪ್ಲಿಂಗಿನ ಒಳಗೆ ಒಂದಕ್ಕೊಂದು ತಾಗದೆ ಚೂರು ಅಂತರ ಇರಲಿ. ಕಪ್ಲಿಂಗಿನ ಪುಟ್ಟ ಗ್ರಬ್ ಸ್ಕ್ರೂಗಳಿಗೆ ಒಂದೊಂದು ಹನಿ ನೀಲಿ ಥ್ರೆಡ್‌ಲಾಕ್ ಹಾಕಿ ಬಿಗಿಯಿರಿ. ನೀಲಿಯದ್ದು ಆಮೇಲೆ ಬಿಚ್ಚಲು ಬರುತ್ತದೆ, ಕೆಂಪು ಬೇಡ. ಅಕ್ಷರ ಕೊರೆಯುತ್ತ ಕೊರೆಯುತ್ತ ಒಂದು ಕಡೆಗೆ ಸರಿದುಹೋಗುವ ರೋಗಕ್ಕೆ ತುಂಬ ಸಲ ಕಾರಣ ಸಡಿಲಾದ ಈ ಪುಟ್ಟ ಸ್ಕ್ರೂ.

ಸ್ಕ್ರೂವಿನ ಮೇಲೆ ಓಡುವ ಹಿತ್ತಾಳೆ ನಟ್ಟು ಜೋಡಿಯಾಗಿ ಬಂದಿದ್ದು, ನಡುವೆ ಸ್ಪ್ರಿಂಗ್ ಇದ್ದರೆ ಅದನ್ನು ಒತ್ತಿ ಹಿಡಿದೇ ಹಾಕಬೇಕು. ದಿಕ್ಕು ಬದಲಾಗುವಾಗ ಆಗುವ ಲೊಡಲೊಡ ಕಡಿಮೆ ಮಾಡುವುದೇ ಅದರ ಕೆಲಸ.

ವೈರಿಂಗ್

ಭಾಗಗಳನ್ನು ಸರಿಸುವ ಮೂರು ನೇಮಾ 17 ಮೋಟಾರುಗಳ ವೈರು ಕಂಟ್ರೋಲ್ ಬೋರ್ಡಿನ ಎಕ್ಸ್ (ಎಡ ಬಲ), ವೈ (ಹಿಂದೆ ಮುಂದೆ), ಝಡ್ (ಮೇಲೆ ಕೆಳಗೆ) ಕನೆಕ್ಟರಿಗೆ, ಕೊರೆಯುವ ಸ್ಪಿಂಡಲ್ ಮೋಟಾರಿನ ವೈರು ಅದರ ಜಾಗಕ್ಕೆ. ಕನೆಕ್ಟರ್‌ಗಳ ಮೇಲೆ ಗುರುತು ಇರುತ್ತದೆ, ಕಷ್ಟವೇನಿಲ್ಲ. ಒಂದು ನಿಯಮವನ್ನು ಮಾತ್ರ ಯಾವತ್ತೂ ಮೀರಬೇಡಿ: ಕರೆಂಟು ಇರುವಾಗ ಮೋಟಾರಿನ ವೈರು ಕೀಳುವುದಾಗಲಿ ಚುಚ್ಚುವುದಾಗಲಿ ಕೂಡದು. ಬೋರ್ಡಿನ ಡ್ರೈವರ್ ಚಿಪ್ಪು ಕ್ಷಣದಲ್ಲಿ ಸುಡುತ್ತದೆ.

ಸ್ಪಿಂಡಲಿನ ಪ್ಲಸ್, ಮೈನಸ್ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗಬೇಕು. ಬಿಟ್ಟು ಹಾಕದೆ ಒಮ್ಮೆ ಓಡಿಸಿ ನೋಡಿ.

ಸ್ಪಿಂಡಲಿನ ವೈರನ್ನು ಲಿಮಿಟ್ ಸ್ವಿಚ್ಚಿನ ವೈರಿನ ಜತೆ ಸುತ್ತಬೇಡಿ. ಈ ಮೋಟಾರು ಬ್ರಶ್ಶಿನದ್ದು, ಅದರ ಕಿಡಿಯಿಂದ ಹುಟ್ಟುವ ಗದ್ದಲ ಪಕ್ಕದ ವೈರಿಗೆ ನುಗ್ಗುತ್ತದೆ. ಕೊರೆಯುವಾಗ ಕಂಪ್ಯೂಟರಿನ ಸಂಪರ್ಕ ತಪ್ಪುವುದೂ ಇದರಿಂದಲೇ. ಯುಎಸ್‌ಬಿ ಕೇಬಲ್ ಗಿಡ್ಡದಾಗಿ, ಎರಡು ತುದಿಯಲ್ಲೂ ಈ ಗದ್ದಲ ತಡೆಯುವ ಫೆರೈಟ್ ಉಂಡೆ ಇರುವಂಥದ್ದಾಗಿ ಇರಲಿ.

ಕಂಪ್ಯೂಟರಿನ ಜತೆ ಮಾತು

ಬೋರ್ಡಿನಲ್ಲಿ ಓಡುವ ಸಾಫ್ಟ್‌ವೇರಿನ ಹೆಸರು ಜಿಆರ್‌ಬಿಎಲ್. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುದ್ 2009ರಲ್ಲಿ ಆರಂಭಿಸಿದ್ದು. ಮುಕ್ತ ಸಾಫ್ಟ್‌ವೇರ್ ಆದ್ದರಿಂದಲೇ ಇಂಥ ಮೆಷಿನ್ ನಮ್ಮ ನಿಮ್ಮಂಥವರ ಕೈಗೆ ಬಂತು. ಕಂಪ್ಯೂಟರಿನಲ್ಲಿ ಅದರ ಜತೆ ಮಾತಾಡಲು ಕ್ಯಾಂಡಲ್ ಅಥವಾ ಯೂನಿವರ್ಸಲ್ ಜಿಕೋಡ್ ಸೆಂಡರ್ ಹಾಕಿಕೊಳ್ಳಿ, ಎರಡೂ ಉಚಿತ. ವಿಂಡೋಸಿನಲ್ಲಿ ಬೋರ್ಡು ಕಾಣಿಸದಿದ್ದರೆ ಸಿಎಚ್340 ಡ್ರೈವರ್ ಬೇಕಾಗುತ್ತದೆ. ವೇಗ 115200 ಎಂದು ಕೊಟ್ಟು ಕನೆಕ್ಟ್ ಮಾಡಿ.

ಮೊದಲ ಕೆಲಸ, ಎರಡು ಡಾಲರ್ ಚಿಹ್ನೆ $$ ಒತ್ತಿ ಎಂಟರ್ ಮಾಡುವುದು. ಮೆಷಿನ್ನಿನ ಎಲ್ಲ ಸೆಟ್ಟಿಂಗೂ ತೆರೆಯ ಮೇಲೆ ಬರುತ್ತದೆ. ಅದನ್ನು ಹಾಗೇ ಒಂದು ಫೈಲಿಗೆ ಉಳಿಸಿ, ಕಾಗದದಲ್ಲೂ ಬರೆದು ಗೋಡೆಗೆ ಅಂಟಿಸಿ. ಯಾವುದನ್ನೇ ಬದಲಿಸುವ ಮೊದಲು ಹಳೆಯದು ಕೈಯಲ್ಲಿರಬೇಕು.

ಈಗ ತೆರೆಯ ಮೇಲಿನ ಜಾಗ್ (ಸರಿಸುವ) ಬಟನ್ನುಗಳಿಂದ 5 ಮಿಲಿಮೀಟರಿನಂತೆ ಸರಿಸಿ ನೋಡಿ. ಎಕ್ಸ್ ಪ್ಲಸ್ ಒತ್ತಿದರೆ ಸ್ಪಿಂಡಲ್ ಬಲಕ್ಕೆ, ಝಡ್ ಪ್ಲಸ್ ಒತ್ತಿದರೆ ಮೇಲಕ್ಕೆ ಹೋಗಬೇಕು. ವೈ ವಿಚಾರದಲ್ಲಿ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಈ ಮೆಷಿನ್ನಿನಲ್ಲಿ ವೈ ದಿಕ್ಕಿನಲ್ಲಿ ಓಡುವುದು ಮೇಜು. ವೈ ಪ್ಲಸ್ ಒತ್ತಿದರೆ ಮೇಜು ನಿಮ್ಮ ಕಡೆಗೆ ಬರಬೇಕು. ಆಗ ಬಿಟ್ಟು ಹಲಗೆಯ ಮೇಲೆ ಹಿಂದಕ್ಕೆ ಹೋದಂತಾಗುತ್ತದೆ. ದಿಕ್ಕು ಉಲ್ಟಾ ಇದ್ದರೆ $3 ಸೆಟ್ಟಿಂಗ್ ಬದಲಿಸಿ. ಎಕ್ಸಿಗೆ 1, ವೈಗೆ 2, ಝಡ್‌ಗೆ 4. ಯಾವುದನ್ನು ತಿರುಗಿಸಬೇಕೋ ಅವುಗಳ ಮೊತ್ತ ಕೊಡಬೇಕು. ಆದರೆ ಅದು ಮೊದಲೇ ಸೊನ್ನೆಯಲ್ಲದೆ ಇದ್ದರೆ ಈಗಿನ ಬೆಲೆಯಲ್ಲಿ ಯಾವುದು ಸೇರಿದೆ ಎಂದು ನೋಡಿ, ಕೂಡಿಸುವುದೋ ಕಳೆಯುವುದೋ ತೀರ್ಮಾನಿಸಿ.

ಲಿಮಿಟ್ ಸ್ವಿಚ್ಚು ಇದ್ದರೆ $22 ಅನ್ನು 1 ಮಾಡಿ ಹೋಮಿಂಗ್ (ಮೆಷಿನ್ ತಾನೇ ಸ್ವಿಚ್ಚು ಮುಟ್ಟಿ ಆರಂಭದ ಜಾಗ ಗುರುತಿಸುವುದು) ಓಡಿಸಿ. ಮೊದಲ ಸಲ ಕೈಯನ್ನು ಸ್ಟಾಪ್ ಬಟನ್ನಿನ ಮೇಲೇ ಇಟ್ಟಿರಿ. ಸ್ವಿಚ್ಚು ಇಲ್ಲದವರು $21, $22 ಎರಡನ್ನೂ ಸೊನ್ನೆಯಲ್ಲೇ ಬಿಡಿ.

$30 ಅನ್ನೂ ಗಮನಿಸಿ. ಸ್ಪಿಂಡಲಿನ ಪೂರ್ಣ ವೇಗಕ್ಕೆ ಯಾವ ಸಂಖ್ಯೆ ಎಂದು ಅದು ಹೇಳುತ್ತದೆ. ಅದರಲ್ಲಿ 10000 ಇದ್ದು ನಿಮ್ಮ ಪ್ರೋಗ್ರಾಂ 1000 ಎಂದು ಕೇಳಿದರೆ ಮೋಟಾರಿಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ಸಿಗುತ್ತದೆ. ಬಿಟ್ಟು ಸರಿಯಾಗಿ ತಿರುಗದೆ ಮರಕ್ಕೆ ಒತ್ತಿಕೊಂಡು ಮುರಿಯುತ್ತದೆ.

ಅಳತೆ ಸರಿ ಇದೆಯೇ

ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡುತ್ತದೆ. ಒಟ್ಟು 3200. ಅಷ್ಟರಲ್ಲಿ ಸ್ಕ್ರೂ 4 ಮಿಲಿಮೀಟರ್ ಮುಂದೆ ಹೋಗುತ್ತದೆ. ಹಾಗಾಗಿ ಒಂದು ಮಿಲಿಮೀಟರಿಗೆ 800 ಹೆಜ್ಜೆ. $100, $101, $102 ಈ ಮೂರರಲ್ಲೂ 800 ಇದ್ದರೆ ಲೆಕ್ಕ ಸರಿಯಾಗಿದೆ.

ಈಗ 100 ಮಿಲಿಮೀಟರ್ ಸರಿಸಿ, ಕ್ಯಾಲಿಪರಿನಲ್ಲಿ ಅಳೆಯಿರಿ. 99.2 ಬಂತು ಎಂದುಕೊಳ್ಳಿ. ಹಳೆಯ ಬೆಲೆಯನ್ನು 100ರಿಂದ ಗುಣಿಸಿ 99.2ರಿಂದ ಭಾಗಿಸಿ 806.45 ಎಂದು ಹಾಕಿಬಿಡಿ ಎಂದು ಹಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಲೀಡ್ ಸ್ಕ್ರೂವಿನಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಬರಬಾರದು. ಬಂದರೆ ಕಪ್ಲಿಂಗ್ ಜಾರುತ್ತಿದೆ, ನಟ್ಟು ಸಡಿಲಾಗಿದೆ ಅಥವಾ ನೀವು ಅಳೆದ ರೀತಿ ಸರಿಯಿಲ್ಲ. ಮೊದಲು ಅದನ್ನು ಹುಡುಕಿ. ಒಂದು ದಿಕ್ಕಿನಿಂದಲೇ ಬಂದು ನಿಲ್ಲಿಸಿ ಅಳೆಯಿರಿ. ಆಗ ಲೊಡಲೊಡದ ದೋಷ ಲೆಕ್ಕದಲ್ಲಿ ಸೇರುವುದಿಲ್ಲ.

ಮೇಜು ಮತ್ತು ಸ್ಪಿಂಡಲ್

ಅಲ್ಯೂಮಿನಿಯಂ ಮೇಜಿನ ಮೇಲೆ ನೇರವಾಗಿ ಕೆಲಸ ಬೇಡ. 12 ಮಿಲಿಮೀಟರಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯೊಂದನ್ನು ಅದಕ್ಕೆ ಬಿಗಿಯಿರಿ. ಬಿಟ್ಟು ತಪ್ಪಿ ಕೆಳಗಿಳಿದರೂ ಹಾಳಾಗುವುದು ಆ ಹಲಗೆ ಮಾತ್ರ. ಸ್ಕ್ರೂವಿನ ತಲೆ ಹಲಗೆಯ ಮೇಲ್ಮೈಗಿಂತ ಒಳಗೆ ಹುದುಗಿರಲಿ.

ಸ್ಪಿಂಡಲ್ ಮೇಜಿಗೆ ನೆಟ್ಟಗಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಕಿಲ್ಲ. ಗಟ್ಟಿ ತಂತಿಯನ್ನು ‘ಎಲ್’ ಆಕಾರಕ್ಕೆ ಬಗ್ಗಿಸಿ ಕಾಲೆಟ್ಟಿನಲ್ಲಿ, ಅಂದರೆ ಸ್ಪಿಂಡಲಿನ ತುದಿಯಲ್ಲಿ ಬಿಟ್ಟು ಹಿಡಿಯುವ ಸೀಳುಕೊಳವೆಯಲ್ಲಿ, ಸಿಕ್ಕಿಸಿ. ಪ್ಲಗ್ಗು ತೆಗೆದು, ಸ್ಪಿಂಡಲನ್ನು ಕೈಯಿಂದ ತಿರುಗಿಸಿ. ತಂತಿಯ ತುದಿ ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ಮೇಜಿನಿಂದ ಒಂದೇ ಎತ್ತರದಲ್ಲಿ ಸುತ್ತಬೇಕು. ಒಂದು ಕಾಗದದ ಚೂರು ಎಲ್ಲ ಕಡೆ ಒಂದೇ ಬಿಗಿಯಲ್ಲಿ ಜಾರಿದರೆ ಸಾಕು. ಒಂದು ಕಡೆ ಹೆಚ್ಚು ಕಡಿಮೆ ಇದ್ದರೆ ಸ್ಪಿಂಡಲ್ ಹಿಡಿಕೆಯ ಹಿಂದೆ ತೆಳು ತಗಡಿನ ತುಂಡು ಇಟ್ಟು ಸರಿಮಾಡಿ. ಆಮೇಲೆ ಚಪ್ಪಟೆ ಬಿಟ್ಟು ಹಾಕಿ ಎಂಡಿಎಫ್ ಹಲಗೆಯ ಮೇಲ್ಮೈಯನ್ನು 0.3 ಮಿಲಿಮೀಟರ್ ಆಳದಲ್ಲಿ ಪೂರ್ತಿ ಕೆರೆಸಿ. ಇನ್ನು ಮೇಜೂ ಸ್ಪಿಂಡಲೂ ಒಂದೇ ಮಟ್ಟದಲ್ಲಿರುತ್ತವೆ.

ಬಿಟ್ಟು, ಮರ

ಕಿಟ್ಟಿನಲ್ಲಿ ಬರುವ ಸೂಜಿಯಂಥ 20 ಡಿಗ್ರಿ ಬಿಟ್ಟುಗಳು ಎಲೆಕ್ಟ್ರಾನಿಕ್ ಬೋರ್ಡು ಕೆರೆಯಲು ಇರುವಂಥವು, ಮರದ ಅಕ್ಷರಕ್ಕಲ್ಲ. ಲೆಕ್ಕ ಮಾಡಿ ನೋಡಿ. 6 ಮಿಲಿಮೀಟರ್ ಅಗಲದ ಗೆರೆಯನ್ನು 90 ಡಿಗ್ರಿಯ ವಿ ಬಿಟ್ಟಿನಿಂದ (ತುದಿ ಇಂಗ್ಲಿಷ್ ‘ವಿ’ ಆಕಾರದ್ದು) ಕೊರೆದರೆ 3 ಮಿಲಿಮೀಟರ್ ಆಳ ಬೇಕು. 60 ಡಿಗ್ರಿಯದ್ದಾದರೆ 5.2. 20 ಡಿಗ್ರಿಯ ಬಿಟ್ಟಾದರೆ 17 ಮಿಲಿಮೀಟರ್ ಆಳ ಹೋಗಬೇಕು! ಆದ್ದರಿಂದ 3.175 ಮಿಲಿಮೀಟರ್ ದಂಡ, 6 ಮಿಲಿಮೀಟರ್ ತಲೆ ಇರುವ 60 ಅಥವಾ 90 ಡಿಗ್ರಿಯ ವಿ ಬಿಟ್ಟು ತರಿಸಿ. ಜತೆಗೆ 3.175 ಮತ್ತು 2 ಮಿಲಿಮೀಟರಿನ ಎರಡು ಅಲಗಿನ ಚಪ್ಪಟೆ ಬಿಟ್ಟುಗಳು ಎರಡೆರಡು ಇರಲಿ.

ಬಿಟ್ಟು ಹಾಕುವ ಕ್ರಮ ಹೀಗೆ. ಮೊದಲು ಕಾಲೆಟ್ಟನ್ನು ನಟ್ಟಿನೊಳಗೆ ಓರೆಯಾಗಿ ಒತ್ತಿ ಟಕ್ ಎಂದು ಕೂರಿಸಿ, ಆಮೇಲೆ ನಟ್ಟನ್ನು ಸ್ಪಿಂಡಲಿಗೆ ಹಾಕಿ, ಕೊನೆಗೆ ಬಿಟ್ಟು ತೂರಿಸಿ ಎರಡು ಸ್ಪ್ಯಾನರಿನಿಂದ ಬಿಗಿಯಿರಿ. ಕಾಲೆಟ್ಟನ್ನು ಸುಮ್ನೆ ಸ್ಪಿಂಡಲಿನೊಳಗೆ ಹಾಕಿ ಮೇಲಿಂದ ನಟ್ಟು ತಿರುಗಿಸಿದರೆ ಬಿಟ್ಟು ಓರೆಯಾಗಿ ಕೂರುತ್ತದೆ.

ಮರದ ವಿಚಾರದಲ್ಲಿ ನಮ್ಮ ಊರಿನವರು ಅದೃಷ್ಟವಂತರು. ಹಲಸು ಇದಕ್ಕೆ ಹೇಳಿ ಮಾಡಿಸಿದ ಮರ. ಹದವಾಗಿ ಕೊರೆಯುತ್ತದೆ, ಅಂಚು ಚೊಕ್ಕವಾಗಿ ನಿಲ್ಲುತ್ತದೆ, ಹೊಸತರಲ್ಲಿ ಹಳದಿ ಇದ್ದದ್ದು ಬೆಳಕು ಬಿದ್ದಂತೆ ಹೊಂಗಂದು ಬಣ್ಣಕ್ಕೆ ತಿರುಗುತ್ತದೆ. ಹೆಬ್ಬಲಸು, ಸಾಗುವಾನಿ ಕೂಡ ಚೆನ್ನ. ತೆಂಗಿನ ಮರದ ಗಟ್ಟಿ ಭಾಗ ನೋಡಲು ಚೆಂದ, ಆದರೆ ಬಿಟ್ಟಿನ ಹರಿತವನ್ನು ಬೇಗ ತಿನ್ನುತ್ತದೆ. ಮೊದಲ ಮರವಾಗಿ ಅದು ಬೇಡ. ಹಂಚಿನ ಮನೆ ಕೆಡವಿದಾಗ ಸಿಗುವ ಪಕ್ಕಾಸು, ತೊಲೆಗಳು ಚೆನ್ನಾಗಿ ಒಣಗಿರುತ್ತವೆ, ಬಾಗುವುದಿಲ್ಲ. ಅವುಗಳಲ್ಲಿ ಮುರಿದ ಆಣಿ ಅಡಗಿರುವುದು ಮಾತ್ರ ಖಂಡಿತ ಎಂದುಕೊಳ್ಳಿ. ಬಲವಾದ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಎರಡೂ ಮುಖದ ಮೇಲೆ ಓಡಿಸಿ. ಎಳೆದ ಜಾಗದಲ್ಲಿ ಆಣಿ ಇದೆ. ಎಳೆಯದಿದ್ದರೂ ಆಣಿ ಹೊಡೆದ ಕಪ್ಪು ಕಲೆ ಕಂಡಲ್ಲಿ ಕೊರೆಯಬೇಡಿ.

ಈಗಷ್ಟೇ ಮಿಲ್ಲಿನಿಂದ ಬಂದ ಹಸಿ ಹಲಗೆ ಬೇಡವೇ ಬೇಡ. ಮಳೆಗಾಲದಲ್ಲಿ ಕೊರೆದ ಹಸಿ ಮರ ಬೇಸಿಗೆಯಲ್ಲಿ ಸೀಳುತ್ತದೆ.

ಕನ್ನಡ ಅಕ್ಷರ ಒಡೆಯದಂತೆ

ಇಷ್ಟೆಲ್ಲ ಮಾಡುವುದು ಇದಕ್ಕಾಗಿಯೇ ಅಲ್ವಾ? ಅಕ್ಷರದ ಕೆಲಸವನ್ನು ಇಂಕ್‌ಸ್ಕೇಪಿನಲ್ಲಿ ಮಾಡಿ. ಅದು ಉಚಿತ. ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಸಹಿತ ಸರಿಯಾಗಿ ಜೋಡಿಸುತ್ತದೆ. ಕೊರೆಯುವ ಪ್ರೋಗ್ರಾಂನಲ್ಲೇ ನೇರವಾಗಿ ಕನ್ನಡ ಟೈಪ್ ಮಾಡಬೇಡಿ. ಅಂಥ ಹಲವು ಪ್ರೋಗ್ರಾಂಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತವೆಯೇ ಹೊರತು ಜೋಡಿಸುವುದಿಲ್ಲ. ಹಲಗೆಗಳು ಹಾಳಾಗುವುದು ಇಲ್ಲೇ.

ಕ್ರಮ ಹೀಗಿದೆ. ಹಲಗೆಯ ಅಳತೆಯ ಪುಟ ತೆರೆದು ಹೆಸರನ್ನು ಟೈಪ್ ಮಾಡಿ. ಅಕ್ಷರಶೈಲಿ ದಪ್ಪಗಿದ್ದು, ತುದಿ ದುಂಡಗಿದ್ದರೆ ಕೊರೆಯಲು ಸುಲಭ. ಕನ್ನಡಕ್ಕೆ ಬಲೂ ತಮ್ಮ ಅಂಥದ್ದು. ಸರಳವಾಗಿ ಬೇಕಿದ್ದರೆ ನೋಟೋ ಸಾನ್ಸ್ ಕನ್ನಡದ ಬೋಲ್ಡ್ ರೂಪ. ಕೆಳಗೆ ಮಲಯಾಳದಲ್ಲೂ ಹೆಸರು ಬೇಕೆಂದರೆ ಮಂಜರಿ ಎಂಬ ಶೈಲಿ ಇದೆ, ಅದರ ತುದಿಗಳೂ ದುಂಡು. ಪಕ್ಕದ ಮನೆಯವರೂ ಅಂಚೆಯವರೂ ಓದಬೇಕಲ್ಲ, ಎರಡೂ ಇರಲಿ ಎಂಬುದು ನನ್ನ ಮಾತು.

ಟೈಪ್ ಮಾಡಿದ್ದನ್ನು ಒಮ್ಮೆ ಮನೆಯ ಹಿರಿಯರಿಗೆ ತೋರಿಸಿ. ಮರದ ಮೇಲೆ ಹೋದ ಮೇಲೆ ಕಾಗುಣಿತ ತಿದ್ದಲು ಬರುವುದಿಲ್ಲ. ಆಮೇಲೆ ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಈಗ ಅದು ಅಕ್ಷರವಲ್ಲ, ಬರೀ ಗೆರೆ. ಯಾವ ಸಾಫ್ಟ್‌ವೇರಿಗೆ ಹೋದರೂ ಒಡೆಯುವುದಿಲ್ಲ. ಮುಂದೆ ಅದನ್ನು ಅನ್‌ಗ್ರೂಪ್ ಮಾಡಿ, ಎಲ್ಲವನ್ನೂ ಆಯ್ದು ‘ಯೂನಿಯನ್’ ಒತ್ತಿ. ಕನ್ನಡದಲ್ಲಿ ಅಕ್ಷರ, ಸ್ವರಚಿಹ್ನೆ, ಒತ್ತು ಒಂದರ ಮೇಲೊಂದು ಏರುವುದುಂಟು. ಯೂನಿಯನ್ ಮಾಡದಿದ್ದರೆ ಬಿಟ್ಟು ಆ ಒಳಗೆರೆಗಳನ್ನೂ ಕೊರೆಯುತ್ತ ಹೋಗುತ್ತದೆ, ಅಕ್ಷರದ ನಡುವೆ ಅಡ್ಡಗೀರು ಬೀಳುತ್ತದೆ.

ಅಕ್ಷರದ ಗಾತ್ರ ನಿರ್ಧರಿಸುವುದು ಹೆಸರಿನ ಉದ್ದವಲ್ಲ, ಅದರಲ್ಲಿರುವ ಅತಿ ಸಣ್ಣ ಸಂದು. ‘ಧ’, ‘ಭ’, ‘ಫ’ ಅಕ್ಷರಗಳ ಕೆಳಗಿನ ಸೀಳು, ‘ಥ’ದ ಒಳಗಿನ ಗುರುತು, ಒತ್ತಕ್ಷರದ ಸುರುಳಿ, ಇವುಗಳ ಅಗಲ ಅಳೆಯಿರಿ. ಚಪ್ಪಟೆ ಬಿಟ್ಟಿನಿಂದ ಕೊರೆಯುವುದಾದರೆ ಬಿಟ್ಟಿಗಿಂತ ಸಣ್ಣ ಸಂದಿನೊಳಗೆ ಅದು ಹೋಗಲಾರದು. ಪ್ರೋಗ್ರಾಂ ಎಷ್ಟೋ ಸಲ ಏನೂ ಹೇಳದೆ ಆ ಭಾಗವನ್ನು ಬಿಟ್ಟುಬಿಡುತ್ತದೆ. ‘ಧ’ ಇದ್ದದ್ದು ‘ದ’ ಆಗಿ ಬರುತ್ತದೆ. 40 ಮಿಲಿಮೀಟರಿಗಿಂತ ಚಿಕ್ಕ ಅಕ್ಷರಕ್ಕೆ ವಿ ಬಿಟ್ಟೇ ಸೂಕ್ತ, ಅದು ಗೆರೆ ಸಣ್ಣದಾದಂತೆ ತಾನೇ ಮೇಲೆದ್ದು ತುದಿಯನ್ನು ಚೂಪಾಗಿ ಮುಗಿಸುತ್ತದೆ.

ವಿ ಬಿಟ್ಟಿನ ಕೆಲಸಕ್ಕೆ ಇಂಕ್‌ಸ್ಕೇಪಿನಿಂದ ಡಿಎಕ್ಸ್‌ಎಫ್ ಫೈಲಾಗಿ ಉಳಿಸಿ, ಎಫ್-ಎನ್‌ಗ್ರೇವ್ ಎಂಬ ಉಚಿತ ಪ್ರೋಗ್ರಾಂನಲ್ಲಿ ತೆರೆದು, ವಿ-ಕಾರ್ವ್ ಆಯ್ಕೆ ಮಾಡಿ ಬಿಟ್ಟಿನ ಕೋನ ಮತ್ತು ಅಗಲ ಕೊಡಿ. ಚಪ್ಪಟೆ ಬಿಟ್ಟಿನ ಕೆಲಸಕ್ಕೆ, ಹಲಗೆಯ ಅಂಚು ಕತ್ತರಿಸಲು ಫ್ರೀಕ್ಯಾಡ್ ಒಳ್ಳೆಯದು. ಕಲಿಯಲು ಸ್ವಲ್ಪ ಸಮಯ ಬೇಕು. ಎರಡೂ ಕೊನೆಗೆ ಕೊಡುವುದು ಜಿ-ಕೋಡ್ ಫೈಲು, ಅಂದರೆ ಮೆಷಿನ್ ಎಲ್ಲೆಲ್ಲಿಗೆ ಸರಿಯಬೇಕು ಎಂಬ ಆಜ್ಞೆಗಳ ಪಟ್ಟಿ. ಅದರ ಆರಂಭದಲ್ಲಿ ಜಿ21 ಇದೆಯೇ ನೋಡಿ, ಅಳತೆ ಮಿಲಿಮೀಟರಿನಲ್ಲಿದೆ ಎಂದು ಅದು ಹೇಳುತ್ತದೆ. ಜಿ20 ಇದ್ದರೆ ಮೆಷಿನ್ ಎಲ್ಲವನ್ನೂ ಇಂಚು ಎಂದುಕೊಳ್ಳುತ್ತದೆ.

ಮೊದಲ ಕೊರೆತ

ಹಲಗೆಯನ್ನು ಕ್ಲಾಂಪಿನಿಂದ ಬಿಗಿಯಿರಿ. ತೆಳು ಹಲಗೆಗೆ ಇನ್ನೊಂದು ಉಪಾಯ ಇದೆ. ಮೇಜಿಗೂ ಹಲಗೆಯ ಬೆನ್ನಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪುಗಳ ನಡುವೆ ಸೂಪರ್ ಗ್ಲೂ ಹಾಕಿ ಒತ್ತಿ. ಕೆಲಸ ಮುಗಿದ ಮೇಲೆ ಸುಲಭವಾಗಿ ಎದ್ದುಬರುತ್ತದೆ. ಅಡ್ಡ ಬರಲು ಕ್ಲಾಂಪೇ ಇರುವುದಿಲ್ಲ.

ಹಲಗೆಯ ಎಡ ಮುಂಭಾಗದ ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣ ಕೂಡುಗೆರೆ ಹಾಕಿ. ಬಿಟ್ಟಿನ ತುದಿಯನ್ನು ಅಲ್ಲಿಗೆ ತಂದು ಎಕ್ಸ್, ವೈ ಸೊನ್ನೆ ಮಾಡಿ. ಕರೆಂಟು ಹೋಗಿ ಬಂದರೂ ಅದೇ ಗುರುತಿಗೆ ಮರಳಬಹುದು. ಎತ್ತರಕ್ಕೆ, ಬಿಟ್ಟಿನ ಕೆಳಗೆ ಒಂದು ಕಾಗದ ಇಟ್ಟು 0.1 ಮಿಲಿಮೀಟರಿನಂತೆ ಇಳಿಸಿ. ಕಾಗದ ಹಿಡಿದುಕೊಂಡಲ್ಲಿ ಝಡ್ ಸೊನ್ನೆ.

ಕೂಡಲೇ ಕೊರೆಯಬೇಡಿ. ಝಡ್ ಸೊನ್ನೆಯನ್ನು ಮರಕ್ಕಿಂತ 10 ಮಿಲಿಮೀಟರ್ ಮೇಲೆ ಇಟ್ಟು ಪೂರ್ತಿ ಪ್ರೋಗ್ರಾಂ ಗಾಳಿಯಲ್ಲಿ ಓಡಿಸಿ. ಬಿಟ್ಟು ಕ್ಲಾಂಪಿನ ಮೇಲೆ ಹಾಯುತ್ತದೆಯೇ, ಹಲಗೆಯ ಹೊರಗೆ ಹೋಗುತ್ತದೆಯೇ ಎಂದು ಇಲ್ಲೇ ಗೊತ್ತಾಗುತ್ತದೆ. ಆಮೇಲೆ ಝಡ್ ಸೊನ್ನೆಯನ್ನು ಮತ್ತೆ ಮರದ ಮೇಲ್ಮೈಗೇ ತನ್ನಿ.

ವೇಗ ಎಷ್ಟು? ಹಲಸಿಗೆ 3.175 ಮಿಲಿಮೀಟರಿನ ಚಪ್ಪಟೆ ಬಿಟ್ಟಾದರೆ ನಿಮಿಷಕ್ಕೆ 400 ಮಿಲಿಮೀಟರ್, ಒಂದು ಸಲದ ಓಟಕ್ಕೆ 0.5 ಮಿಲಿಮೀಟರ್ ಆಳ, ಕೆಳಗಿಳಿಯುವ ವೇಗ 100. ಸಾಗುವಾನಿ ಗಟ್ಟಿ ಇದ್ದರೆ 300ಕ್ಕೆ ಇಳಿಸಿ. ಬಿಟ್ಟಿನಿಂದ ಬರುವುದು ಸಣ್ಣ ಸಣ್ಣ ಚಕ್ಕೆಯಾಗಿದ್ದರೆ ಹದ ಸರಿ. ನುಣ್ಣನೆ ಹಿಟ್ಟು ಬಂದು ಸುಟ್ಟ ವಾಸನೆ ಬಂದರೆ ನೀವು ತೀರಾ ನಿಧಾನವಾಗಿ ಹೋಗುತ್ತಿದ್ದೀರಿ ಅಥವಾ ಬಿಟ್ಟು ಮೊಂಡಾಗಿದೆ. ಮೋಟಾರಿನ ದನಿ ಕುಗ್ಗಿದರೆ ಆಳ ಜಾಸ್ತಿಯಾಗಿದೆ. ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಮೆಷಿನ್ ಓಡುವಾಗ ಕನ್ನಡಕ, ಮಾಸ್ಕ್ ಇರಲೇಬೇಕು. ಮರದ ಪುಡಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಯಲ್ಲಿದೆ. ಎಂಡಿಎಫ್ ಪುಡಿಯಲ್ಲಿ ಅಂಟಿನ ರಾಸಾಯನಿಕವೂ ಸೇರಿರುತ್ತದೆ. ಕೈಗವಸು ಹಾಕಬೇಡಿ, ಬಿಟ್ಟಿಗೆ ಸಿಕ್ಕಿದರೆ ಕೈಯನ್ನೇ ಎಳೆಯುತ್ತದೆ. ಮುಂಡು ಉಟ್ಟವರು ತುದಿಯನ್ನು ಬಿಗಿಯಾಗಿ ಸಿಕ್ಕಿಸಿ, ಸೀರೆಯ ಸೆರಗು, ಶಾಲು, ಉದ್ದ ಕೂದಲು ಕಟ್ಟಿರಲಿ. ಮಕ್ಕಳು ನೋಡಲು ಬಂದೇ ಬರುತ್ತಾರೆ. ಅವರಿಗೊಂದು ಗೆರೆ ಹಾಕಿ ಅದರಾಚೆ ನಿಲ್ಲಿಸಿ. ಓಡುವ ಮೆಷಿನ್ನನ್ನು ಬಿಟ್ಟು ಚಹಾ ಕುಡಿಯಲು ಹೋಗುವ ಅಭ್ಯಾಸ ಬೇಡ.

ಕೊರೆದು ಮುಗಿದ ಹಲಗೆಗೆ ಮೊದಲು ಸೀಲರ್ ಹಚ್ಚಿ ಒಣಗಿಸಿ, ಆಮೇಲೆ ಅಕ್ಷರದ ಗುಣಿಯೊಳಗೆ ಬಣ್ಣ ತುಂಬಿ. ಸೀಲರ್ ಇಲ್ಲದಿದ್ದರೆ ಬಣ್ಣ ಮರದ ಎಳೆಯಲ್ಲಿ ಹರಡುತ್ತದೆ. ಬಣ್ಣ ಪೂರ್ತಿ ಒಣಗಿದ ಮೇಲೆ 120, 180, 240 ನಂಬರಿನದು ಹೀಗೆ ಒಂದಾದ ಮೇಲೊಂದು ಮರಳುಕಾಗದ ಉಜ್ಜಿದರೆ ಮೇಲ್ಮೈಯ ಬಣ್ಣ ಹೋಗಿ ಅಕ್ಷರದೊಳಗಿನದು ಮಾತ್ರ ಉಳಿಯುತ್ತದೆ. ಹೊರಗೆ ತೂಗುವ ಹಲಗೆಗೆ ಹೊರಾಂಗಣದ ಪಿಯು ವಾರ್ನಿಶ್ ಹಚ್ಚಿ. ಬೆನ್ನಿಗೂ ನಾಲ್ಕು ಅಂಚಿಗೂ ಬಿಡದೆ ಹಚ್ಚಬೇಕು. ಮುಂದೆ ಮಾತ್ರ ಹಚ್ಚಿದರೆ ತೇವ ಹಿಂದಿನಿಂದ ನುಗ್ಗಿ ಹಲಗೆ ಬಾಗುತ್ತದೆ.

ಮಳೆಗಾಲದ ಕಾಳಜಿ

ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ನಮ್ಮದು. ಕಡಲ ಕಡೆಯವರಿಗೆ ಉಪ್ಪುಗಾಳಿ ಬೇರೆ. ಜೂನ್ ಬರುವ ಮೊದಲೇ ಸರಳು, ಸ್ಕ್ರೂ ಎಲ್ಲ ಒರೆಸಿ ಮೆಷಿನ್ ಎಣ್ಣೆಯ ತೆಳು ಪದರ ಹಚ್ಚಿ. ತೆಂಗಿನೆಣ್ಣೆ ಬೇಡ, ಪುಡಿ ಸೇರಿ ಜಿಗುಟಾಗುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹತ್ತಿಬಟ್ಟೆ ಹೊದಿಸಿ. ಕೆಲಸ ಇಲ್ಲದಿದ್ದರೂ ಆಗಾಗ ಆನ್ ಮಾಡಿ ಮೂರೂ ದಿಕ್ಕಿಗೆ ಓಡಿಸಿ. ಎಂಡಿಎಫ್ ಹಲಗೆ ತೇವಕ್ಕೆ ಉಬ್ಬುತ್ತದೆ, ಮಳೆಗಾಲ ಕಳೆದ ಮೇಲೆ ಮೇಲ್ಮೈಯನ್ನು ಮತ್ತೊಮ್ಮೆ ಕೆರೆಸಬೇಕು. ಕಂಟ್ರೋಲ್ ಬೋರ್ಡಿನ ಪೆಟ್ಟಿಗೆಯೊಳಗೆ ಇರುವೆ ಗೂಡು ಮಾಡುವುದುಂಟು. ಗಾಳಿ ಆಡುವ ತೂತುಗಳಿಗೆ ಸೊಳ್ಳೆ ಪರದೆಯ ಜಾಲರಿ ಅಂಟಿಸಿ. ಕಪ್ಲಿಂಗಿನ ಗ್ರಬ್ ಸ್ಕ್ರೂ ಮತ್ತು ಚೌಕಟ್ಟಿನ ಸ್ಕ್ರೂಗಳನ್ನು ಪ್ರತಿ ಹಲಗೆಗೆ ಮೊದಲು ಅಲೆನ್ ಕೀಯಿಂದ ಒಮ್ಮೆ ಮುಟ್ಟಿ ನೋಡಿ, ಸಡಿಲಾದದ್ದನ್ನು ಬಿಗಿದೇ ಮುಂದುವರಿಯಿರಿ.